ಹರಕೆಗೆ ಮುಡಿ, ಸಿನಿಮಾಕ್ಕೆ ಮೀಸೆ

ಗಂಡಸಿನ ತಲೆ ಅವನ ಸ್ವಂತದ್ದು ಎಂದು ಮದುವೆಗೆ ಮುಂಚೆ ನಾನೂ ನಂಬಿದ್ದೆ. ಅದರ ಮೇಲೆ ಎಷ್ಟು ಕೂದಲು ಬಿಡಬೇಕು, ಯಾವ ಕಡೆ ಬೈತಲೆ ತೆಗೆಯಬೇಕು, ಯಾವಾಗ ಕ್ಷೌರದಂಗಡಿಗೆ ಹೋಗಬೇಕು ಎಂಬುದೆಲ್ಲ ನನ್ನಿಷ್ಟ ಅಂದುಕೊಂಡಿದ್ದೆ. ಆದರೆ ಆ ತಲೆಗೆ ಇಬ್ಬರು ಹಕ್ಕುದಾರರಿದ್ದಾರೆ ಎಂದು ಗೊತ್ತಾದದ್ದು ತೀರ ಈಚೆಗೆ. ಒಬ್ಬ, ಕೊರಟಗೆರೆ ಕಡೆಯ ಬೆಟ್ಟದ ಬುಡದಲ್ಲಿ ಕೂತಿರುವ ನಮ್ಮ ಮನೆದೇವರು ಈಶ್ವರ. ಇನ್ನೊಬ್ಬ, ಬೆಂಗಳೂರಿನಿಂದ ಬಂದ ಸಿನಿಮಾ ನಿರ್ದೇಶಕ. ಮೊದಲೇ ನಾನು ಒಂದು ಕಡೆ ಸುಮ್ಮನೆ ಕೂರುವ ಜೀವವಲ್ಲ. ಊರಿಗೆ ಹೊರಟರೆ ಬೀಗ ಹಾಕಿ ಎಳೆದು ನೋಡಿ, ಬೀದಿಯ ತುದಿ ಮುಟ್ಟಿ, ವಾಪಸು ಬಂದು ಮತ್ತೊಮ್ಮೆ ಎಳೆದು ನೋಡುವವನು. ಬಸ್ಸು ಹೊರಡುವುದು ತಡವಾದರೆ ಡ್ರೈವರಿಗಿಂತ ಹೆಚ್ಚು ಸಲ ಹತ್ತಿ ಇಳಿಯುವವನು. ಅಂಥವನನ್ನು ದೇವರು ಒಂದು ಕಡೆ, ಸಿನಿಮಾ ಒಂದು ಕಡೆ ಹಿಡಿದು ಜಗ್ಗಿದರೆ ಅವನ ಗತಿ ಏನಾಗಬೇಡ!

ದೇವರ ಹಕ್ಕು ಮೊದಲಿನದು, ಅದನ್ನೇ ಮೊದಲು ಹೇಳುತ್ತೇನೆ. ಮಧುಗಿರಿ ಪೇಟೆಯಲ್ಲಿ ನನ್ನದೊಂದು ಬಟ್ಟೆ ಅಂಗಡಿ ಇದೆ. ಒಂದು ಮಧ್ಯಾಹ್ನ ಗಿರಾಕಿಗೆಂದು ಮೇಲಿನ ಅಟ್ಟದಿಂದ ಸೀರೆ ಕಟ್ಟು ಇಳಿಸುತ್ತಿದ್ದವನು ಎದೆ ಹಿಡಿದುಕೊಂಡು ನೆಲಕ್ಕೆ ಬಿದ್ದೆ. ಆಗ ತಾನೇ ಊಟದ ಡಬ್ಬಿ ತಂದಿದ್ದ ನನ್ನ ಹೆಂಡತಿ ಗಿರಿಜಾ ಅದನ್ನು ಕಣ್ಣಾರೆ ಕಂಡಳು. ನನ್ನನ್ನು ತುಮಕೂರಿನ ಆಸ್ಪತ್ರೆಗೆ ಸಾಗಿಸಿದರು. ಒಳಗೆ ಡಾಕ್ಟರು ನನ್ನ ಎದೆಯ ಜೊತೆ ವ್ಯವಹಾರ ಮಾಡುತ್ತಿದ್ದಾಗ ಹೊರಗೆ ಗಿರಿಜಾ ದೇವರ ಜೊತೆ ಮಾಡಿದಳು. 'ಇವರನ್ನ ಉಳಿಸ್ಕೊಡಪ್ಪ, ಇವರ ಮುಡಿ ನಿನಗೆ ಕೊಡಿಸ್ತೀನಿ' ಎಂದು. ಹರಕೆ ಹೊತ್ತವಳು ಅವಳು, ತಲೆ ನನ್ನದು. ಡಾಕ್ಟರಿಗಾದರೂ ನನ್ನ ರುಜು ಬೇಕಾಗಿತ್ತು, ದೇವರು ಅದನ್ನೂ ಕೇಳಲಿಲ್ಲ. ಮನೆಗೆ ಬಂದ ದಿನವೇ ಅವಳು ಹಳದಿ ಬಟ್ಟೆಯಲ್ಲಿ ನಾಣ್ಯ ಕಟ್ಟಿ ದೇವರ ಪಟದ ಮುಂದೆ ಇಟ್ಟಳು. ನಾನು ಸ್ವಲ್ಪ ಚೇತರಿಸಿಕೊಂಡ ಮೇಲೆ ಹೋಗಿ ತಲೆ ಬೋಳಿಸಿಕೊಂಡು ಬರುವುದೆಂದು ಮಾತಾಯಿತು.

ಚೇತರಿಸಿಕೊಂಡೆ. ಅಷ್ಟರಲ್ಲಿ ಸಿನಿಮಾದವರು ಬಂದರು. ನಮ್ಮ ಬೆಟ್ಟದ ಕೋಟೆಯಲ್ಲಿ ಪಾಳೇಗಾರರ ಕಾಲದ ಕಥೆಯೊಂದನ್ನು, ಈಗಿನ ಕಂಪ್ಯೂಟರಿನ ಕೋಟೆ ಕಂಪ್ಯೂಟರಿನ ಸೈನ್ಯ ಇಲ್ಲದೆ, ಹಿಂದಿನವರ ದೊಡ್ಡ ಐತಿಹಾಸಿಕ ಚಿತ್ರಗಳ ಹಾಗೆ ನಿಜವಾದ ಕಲ್ಲು ನಿಜವಾದ ಜನ ಇಟ್ಟುಕೊಂಡು ತೆಗೆಯಬೇಕೆಂದು ನಿರ್ದೇಶಕರ ಹಟ. ಕಥೆಯೇನೋ ಸಣ್ಣದು. ಪಾಳೇಗಾರನ ತಮ್ಮ ಶತ್ರುಗಳ ಜೊತೆ ಸೇರಿ ರಾತ್ರೋರಾತ್ರಿ ಕೋಟೆ ಬಾಗಿಲು ತೆಗೆಸಲು ನೋಡುತ್ತಾನೆ. ಮುದಿ ಮಂತ್ರಿಯೊಬ್ಬ ಬಾಗಿಲಿಗೆ ಅಡ್ಡ ನಿಲ್ಲುತ್ತಾನೆ. ಆ ಮಂತ್ರಿಯ ಪಾತ್ರಕ್ಕೆ ಗೊತ್ತು ಮಾಡಿದ್ದ ನಾಟಕದವರು ಕೈಕೊಟ್ಟಿದ್ದರು. ಸೈನಿಕರಿಗೆ ಪಂಚೆ ಕೊಳ್ಳಲು ನನ್ನ ಅಂಗಡಿಗೆ ಬಂದ ಸಹಾಯಕ ನಿರ್ದೇಶಕಿ, ಜೀನ್ಸ್ ಹಾಕಿದ ಚುರುಕು ಹುಡುಗಿ, ಪಂಚೆ ನೋಡುವುದು ಬಿಟ್ಟು ನನ್ನ ಮೂಗಿನ ಕೆಳಗೇ ನೋಡತೊಡಗಿದಳು.

"ಅಂಕಲ್, ಈ ಮೀಸೆ ಒರಿಜಿನಲ್ಲಾ?" ಎಂದಳು.

ಬಟ್ಟೆ ಅಂಗಡಿಯಲ್ಲಿ ಈ ಪ್ರಶ್ನೆಯನ್ನು ರೇಷ್ಮೆಯ ಬಗ್ಗೆ ಕೇಳುತ್ತಾರೆ, ಮಾಲೀಕನ ಬಗ್ಗೆ ಯಾರೂ ಕೇಳಿದ್ದಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಎರಡು ಕಡೆಯೂ ಕೆನ್ನೆ ದಾಟುವ ಮೀಸೆ ಅದು. ಗಿರಿಜಾ ಮಾತ್ರ ಅದನ್ನು ಪೊರಕೆ ಎನ್ನುತ್ತಿದ್ದಳು. ಆ ಪೊರಕೆಯ ದೆಸೆಯಿಂದಲೇ ಮಂತ್ರಿಯ ಪಾತ್ರ ನನಗೆ ಬಂತು.

ಶೂಟಿಂಗಿನ ದಿನ ಕೋಟೆ ಬಾಗಿಲ ಹತ್ತಿರ ಹೋಗಿ ನೋಡಿದರೆ ಒಂದು ಜಾತ್ರೆಗಾಗುವಷ್ಟು ಗದ್ದಲ. ಕರೆಂಟಿನ ತಂತಿಗಳಿಗೆ ತೆಂಗಿನ ಗರಿ ಹೊದಿಸಿದ್ದರು. ಶಿರಾ ಕಡೆಯಿಂದ ಲಾರಿಯಲ್ಲಿ ಬಂದಿದ್ದ ಸೈನಿಕರು ಈಟಿ ಗೋಡೆಗೆ ಒರಗಿಸಿ ಪೇಪರ್ ಲೋಟದಲ್ಲಿ ಚಹಾ ಕುಡಿಯುತ್ತಿದ್ದರು. ನನಗೆ ಪೇಟ ಸುತ್ತಿ, ನಿಲುವಂಗಿ ತೊಡಿಸಿ, ಪಾಳೇಗಾರನ ಬೆನ್ನ ಹಿಂದೆ ನಿಲ್ಲಿಸಿದರು. ನನ್ನ ಮಾತು ಒಂದೇ: "ಪ್ರಭು, ಬಾಗಿಲ ಬಳಿ ಏನೋ ಸದ್ದು." ಅದನ್ನು ನಾನು ಹೇಳಿದಾಗೆಲ್ಲ ನಿಜವಾಗಿಯೂ ಸದ್ದಾಗುತ್ತಿತ್ತು. ಕೆಳಗಿನ ಬಸ್ ನಿಲ್ದಾಣದಿಂದ ಕಂಡಕ್ಟರ್ ಒಬ್ಬ 'ಪಾವಗಡ, ಪಾವಗಡ, ಪಾವಗಡ' ಎಂದು ಕೂಗುವುದು ಸೀದಾ ಪಾಳೇಗಾರನ ಕಾಲಕ್ಕೆ ಕೇಳಿಸುತ್ತಿತ್ತು. ಹೀಗೆ ತೆಗೆದದ್ದನ್ನೇ ತೆಗೆದು ಬಿಸಿಲು ಇಳಿದುಹೋಯಿತು. ಸನ್ನಿವೇಶದ ಉಳಿದರ್ಧ ಮುಂದಿನ ತಿಂಗಳು ಎಂದರು. ಆ ಹುಡುಗಿ ಮೊಬೈಲಿನಲ್ಲಿ ನನ್ನನ್ನು ಹಿಂದೆ ಮುಂದೆ ಅಕ್ಕಪಕ್ಕ ಫೋಟೋ ಹಿಡಿದು, "ಅಂಕಲ್, ಅಲ್ಲಿವರೆಗೆ ಕೂದಲು, ಮೀಸೆ, ಹೊಟ್ಟೆ ಯಾವ್ದೂ ಬದಲಾಗ್ಬಾರ್ದು. ಬಾಗಿಲ ಈ ಕಡೆ ಒಬ್ಬ ಮಂತ್ರಿ, ಆ ಕಡೆ ಇನ್ನೊಬ್ಬ ಆಗ್ಬುಟ್ರೆ ಜನ ನಗ್ತಾರೆ. ಕಂಟಿನ್ಯೂಟಿ ಬೇಕು" ಎಂದಳು.

ಆ ಮುಂದಿನ ತಿಂಗಳು ಬರಲೇ ಇಲ್ಲ. ಪಾಳೇಗಾರ ಬೇರೆ ಸಿನಿಮಾದಲ್ಲಿ ಪೊಲೀಸ್ ಆಗಲು ಹೋಗಿದ್ದಾನೆ ಅಂದರು, ಆಮೇಲೆ ಕ್ಯಾಮೆರಾದವನಿಗೆ ಮದುವೆ ಅಂದರು. ಇತ್ತ ನಾನು ಕನ್ನಡಿ ಮುಂದೆ ನಿಂತು ಮೀಸೆಯ ತುದಿಯನ್ನು ಫೋಟೋ ಜೊತೆ ತಾಳೆ ನೋಡುತ್ತಿದ್ದೆ. ಹೊಟ್ಟೆ ಕರಗಿಸಿ ಎಂದು ಡಾಕ್ಟರು ಗದರಿದರೆ, "ಒಂದು ಸೀನ್ ಬಾಕಿ ಇದೆ ಸಾರ್" ಎಂದೆ. ಅವರು ನನ್ನನ್ನು ಬಿಟ್ಟು ಗಿರಿಜಾಳ ಮುಖ ನೋಡಿದರು. ಅಂಗಡಿಯಲ್ಲಿ ಫೋನ್ ಹೊಡೆದುಕೊಂಡರೆ ಗಿರಾಕಿಯ ಕೈಯಲ್ಲೇ ಬಟ್ಟೆ ಬಿಟ್ಟು ಓಡುತ್ತಿದ್ದೆ.

ಪ್ರತಿ ಭಾನುವಾರ ಸಂಜೆ ಗಿರಿಜಾ ಒಂದೇ ಮಾತು ಕೇಳುತ್ತಿದ್ದಳು. "ಏನ್ರೀ, ನಾಳೆ ಸೋಮ್ವಾರ ಹೋಗಿ ಮುಡಿ ಕೊಟ್ಟು ಬಂದ್ಬುಡಣ್ವಾ?"

"ಕಂಟಿನ್ಯೂಟಿ" ಎನ್ನುತ್ತಿದ್ದೆ ನಾನು.

"ತಲೆ ಮೇಲೆ ಪೇಟ ಇತ್ತಲ್ರೀ! ಒಳಗಡೆ ಕೂದ್ಲಿದ್ರೆಷ್ಟು ಬುಟ್ರೆಷ್ಟು?"

ಇದು ನನಗೆ ಹೊಳೆದೇ ಇರಲಿಲ್ಲ. ಆದರೆ ಸೋಲೊಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ನಮ್ಮ ದೇವರ ಪದ್ಧತಿಯಲ್ಲಿ ಮುಡಿ ಎಂದರೆ ಮೀಸೆಯೂ ಸೇರಿತು, ಮೀಸೆ ಹೋದರೆ ಮಂತ್ರಿಗಿರಿ ಹೋಯಿತು ಎಂದು ವಾದ ಹೂಡಿದೆ. ಗುಡಿಯ ಪೂಜಾರಿಗೆ ಫೋನ್ ಮಾಡಿ, ಮೀಸೆಯೊಂದನ್ನು ಉಳಿಸಿಕೊಳ್ಳಬಹುದೇ ಎಂದು ವಿಚಾರಿಸಿದೆ. "ಹರಕೆ ಹೊತ್ತೋರು ಏನಂತ ಹೊತ್ಕಂಡ್ರೋ ಅಂಗೇ ನಡೀಬೇಕು ಸ್ವಾಮಿ, ಅವ್ರನ್ನೇ ಕೇಳಿ" ಎಂದರು. ಗಿರಿಜಾಳನ್ನು ಕೇಳಿದೆ. ಅವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

"ನೀವು ಅಲ್ಲಿ ಒಳಗೆ ಅಂಗೆ ಮಲಗಿದ್ರಲ್ಲ, ಆವಾಗ ಮೀಸೆ ಬುಟ್ಟು ಅಂತ ಹೇಳೋಷ್ಟು ಪುರುಸೊತ್ತು ನನಗಿತ್ತೇನ್ರೀ?" ಎಂದಳು. ಕಣ್ಣಲ್ಲಿ ನೀರು ತುಂಬಿತ್ತು.

ಹರಕೆ ತೀರಿಸದೆ ದಿನ ತಳ್ಳಿದರೆ ದೇವರು ಕೊಟ್ಟದ್ದನ್ನು ವಾಪಸು ಕೇಳುತ್ತಾನೆ ಎಂಬ ಹೆದರಿಕೆ ಅವಳಿಗೆ. ನಾನು ಕೆಮ್ಮಿದರೆ ಅವಳ ಕಣ್ಣು ನನ್ನ ಕಡೆಗಲ್ಲ, ದೇವರ ಪಟದ ಕಡೆ ಹೋಗುತ್ತಿತ್ತು. ಒಂದು ಸಂಜೆ ಎರಡು ಬೋಂಡ ಹೆಚ್ಚಾಗಿ ತಿಂದು ದೊಡ್ಡದಾಗಿ ತೇಗಿದೆ. ಅಡುಗೆಮನೆಯಿಂದ ಅವಳು ಮಾತ್ರೆ ಡಬ್ಬಿ ಹಿಡಿದು ಓಡಿಬಂದಳು. ಡಬ್ಬಿಯ ಮುಚ್ಚಳವನ್ನು ಹಲ್ಲಿನಿಂದಲೇ ಕಚ್ಚಿ ತೆಗೆದಳು. ಒಂದು ವಾಕ್ಯದ ಪಾತ್ರಕ್ಕಾಗಿ ಇವಳನ್ನು ಇಷ್ಟು ದಿನ ಹೀಗೆ ಇಟ್ಟಿದ್ದೇನಲ್ಲ ಎಂದು ನನಗೆ ನಾಚಿಕೆಯಾಯಿತು. ಸೋಮವಾರ ಮೊದಲ ಬಸ್ಸಿಗೆ ಹೊರಟೆವು. ಮುಡಿ ಹೋಯಿತು, ಮೀಸೆ ಹೋಯಿತು. ಗಿರಿಜಾ ಬೋಳುತಲೆಗೆ ಗಂಧ ಬಳಿದು, ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದಳು. ಅವಳು ನಿದ್ದೆಯಲ್ಲಿದ್ದಾಗಲೇ ಫೋನ್ ಬಂತು.

"ಅಂಕಲ್, ನಾಳಿದ್ದು ಶೂಟಿಂಗು! ಕಂಟಿನ್ಯೂಟಿ ಕರೆಕ್ಟಾಗಿದೆ ತಾನೇ?"

ನಾನು ತಲೆ ಸವರಿಕೊಂಡೆ. ಅಂಗೈಗೆ ಗಂಧ ಹತ್ತಿತು. "ಇದೆಯಮ್ಮ" ಎಂದೆ.

ನನ್ನನ್ನು ಕಂಡು ಆ ಹುಡುಗಿ ಕೋಟೆಯ ಕಲ್ಲಿನ ಮೇಲೆ ಕುಸಿದು ಕೂತಳು. ಆದರೆ ಮೇಕಪ್ಪಿನವನು ಒಂದು ಡಬ್ಬಿ ತೆಗೆದು ಒಂದು ಮೀಸೆ ಅಂಟಿಸಿ, ಮೇಲೊಂದು ಪೇಟ ಸುತ್ತಿ, ಮುಂದಿನವರನ್ನು ಕರೆದ. ನಿರ್ದೇಶಕರು ಮಾನಿಟರಿನಲ್ಲಿ ನನ್ನನ್ನು ನೋಡಿ ತಲೆದೂಗಿದರು. "ಹೋದ ಸಲ ಮೀಸೆ ಸ್ವಲ್ಪ ಅಂಟಿಸಿದ ಹಾಗಿತ್ತು. ಈಗ ನ್ಯಾಚುರಲ್ ಆಗಿದೆ" ಎಂದರು. ಇಷ್ಟು ತಿಂಗಳು ನಾನು ಎಣ್ಣೆ ಹಚ್ಚಿ ಕಾಪಾಡಿದ್ದು ಯಾವುದನ್ನು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಆಮೇಲೆ ಅವರು ನನ್ನ ಕೆಲಸ ವಿವರಿಸಿದರು. ಮಂತ್ರಿ ಬಾಗಿಲಿಗೆ ಅಡ್ಡ ನಿಲ್ಲುತ್ತಾನೆ, ಬಾಣ ತಗಲುತ್ತದೆ, ಎದೆ ಹಿಡಿದುಕೊಂಡು ಬೀಳುತ್ತಾನೆ. ಇದು ಮೊದಲೇ ಗೊತ್ತಿದ್ದರೆ ನಾನು ಗಿರಿಜಾಳನ್ನು ಕರೆತರುತ್ತಿರಲಿಲ್ಲ. ಅವಳು ಮಾತ್ರೆ ಡಬ್ಬಿ, ಬಿಸಿನೀರಿನ ಫ್ಲಾಸ್ಕ್ ಹಿಡಿದು ಸೈನಿಕರ ಹೆಂಗಸರ ಮಧ್ಯೆ ನೆರಳಲ್ಲಿ ಕೂತಿದ್ದಳು. ಉಳಿದ ನಟರಿಗೆ ಬೀಳುವುದನ್ನು ಹೇಳಿಕೊಡಬೇಕಾಗಿತ್ತು. ನನಗೆ ಬೇಕಾಗಲಿಲ್ಲ. ಅಂಗಡಿಯಲ್ಲಿ ಹೇಗೆ ಬಿದ್ದಿದ್ದೆನೋ ಹಾಗೆಯೇ, ಎಡಗೈ ಎದೆಗೆ ಒತ್ತಿ, ಮೊದಲು ಮಂಡಿ ಊರಿ, ಆಮೇಲೆ ಪಕ್ಕಕ್ಕೆ ಉರುಳಿದೆ. ನನ್ನ ಜೀವನದ ಶ್ರೇಷ್ಠ ಅಭಿನಯ ಅದು. ಕಣ್ಣು ಮುಚ್ಚಿ ಬಿದ್ದಿದ್ದವನಿಗೆ ಫ್ಲಾಸ್ಕ್ ಕಲ್ಲಿಗೆ ಬಡಿದ ಸದ್ದು ಕೇಳಿತು.

ಗಿರಿಜಾಳ ತವರು ಪಾವಗಡದ ಕಡೆ. ಕೋಪ ಬಂದರೆ ಕನ್ನಡ ಮಾತಾಡುತ್ತಾಳೆ, ಗಾಬರಿಯಾದರೆ ಮಾತ್ರ ತೆಲುಗು. "ಏಮಂಡೀ! ಲೇವಂಡೀ! ಎದ್ದೇಳ್ರೀ!" ಎನ್ನುತ್ತ ಅವಳು ಪಾಳೇಗಾರನನ್ನು ತಳ್ಳಿಕೊಂಡು, ನೈಲಾನ್ ಸೀರೆಯಲ್ಲಿ ಸೀದಾ ಕ್ಯಾಮೆರಾದೊಳಕ್ಕೆ ನುಗ್ಗಿ ನನ್ನ ಎದೆ ಉಜ್ಜತೊಡಗಿದಳು. ನಾನು ಕಣ್ಣು ಬಿಟ್ಟೆ. ಪೇಟ ಉರುಳಿ ಹೋಗಿತ್ತು, ಮೀಸೆಯ ಅರ್ಧ ಅವಳ ಕೈಯಲ್ಲಿತ್ತು. ಸೈನ್ಯಕ್ಕೆ ಸೈನ್ಯವೇ ಬಿದ್ದು ಬಿದ್ದು ನಕ್ಕಿತು.

"ಅಮ್ಮಾ, ಇದು ಆಕ್ಟಿಂಗು" ಎಂದರು ನಿರ್ದೇಶಕರು.

"ಆಕ್ಟಿಂಗ್ ಮಾಡ್ಸಕ್ಕೆ ಬೇರೆ ಏನೂ ಸಿಗ್ಲಿಲ್ವೇನಪ್ಪಾ ನಿಮಗೆ?" ಎಂದು ಅವಳು ಅವರ ಮೇಲೆ ಹರಿಹಾಯ್ದಳು. ಆಮೇಲೆ ನಾನು ಮತ್ತೆ ಸಾಯುವಷ್ಟು ಹೊತ್ತೂ ಗೋಡೆಗೆ ಮುಖ ಮಾಡಿ ನಿಂತಿದ್ದಳು.

ಮನೆಗೆ ಬಂದವಳೇ ಅವಳು ಹಳದಿ ಬಟ್ಟೆಯಲ್ಲಿ ಇನ್ನೊಂದು ನಾಣ್ಯ ಕಟ್ಟಿ ದೇವರ ಪಟದ ಮುಂದೆ ಇಟ್ಟಳು. ನಾನು ಒಳಗಿಂದ ಹೊರಗೆ, ಹೊರಗಿಂದ ಒಳಗೆ ಅಡ್ಡಾಡಿದೆ. ಕೊನೆಗೆ ಅವಳೇ ಹೇಳಿದಳು, ಮುಂದಿನ ಸೋಮವಾರ ಮತ್ತೆ ದೇವರಿಗೆ ಹೋಗಬೇಕಂತೆ. ನಾನು ಬಿದ್ದಿದ್ದಾಗ, ಓಡಿಬರುವ ದಾರಿಯಲ್ಲೇ, ಇನ್ನೊಂದು ಮುಡಿ ಹೊತ್ತುಕೊಂಡಳಂತೆ.

"ಯಾರ ಮುಡಿ?" ಎಂದೆ.

"ನಂದು. ನಿಮ್ಮ ತಲೆ ಆಗ್ಲೇ ಬೋಳಾಗಿತ್ತಲ್ಲ."

ಈ ವಯಸ್ಸಿನಲ್ಲೂ ಅವಳ ಜಡೆ ಸೊಂಟ ದಾಟುತ್ತಿತ್ತು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅದು ಶೂಟಿಂಗು, ಸುಳ್ಳು ಸಾವು, ಅದಕ್ಕೆ ಹೊತ್ತ ಹರಕೆ ಲೆಕ್ಕಕ್ಕಿಲ್ಲ ಎಂದು ಕೂಗಾಡಿದೆ. "ನಾನು ಹೊತ್ತಾಗ ನನಗದು ಸುಳ್ಳಾಗಿತ್ತಾ?" ಎಂದಳು. ಪೂಜಾರಿಗೆ ಫೋನ್ ಮಾಡಿದೆ. "ಎದ್ದು ಕೂತ್ಕಂಡಿದ್ದು ನಿಜ ತಾನೇ ಸ್ವಾಮಿ?" ಎಂದು ಅವರು ಫೋನ್ ಇಟ್ಟರು. ಬೇರೆ ದಾರಿ ಕಾಣದೆ ಅವಳ ಮುಂದೆ ತಲೆ ಬಗ್ಗಿಸಿ ಕೂತು, ಆಗ ತಾನೇ ಚುಚ್ಚಲು ಶುರುವಾಗಿದ್ದ ನನ್ನ ಕೂದಲನ್ನೇ ನಿನ್ನ ಬದಲಿಗೆ ಕೊಡುತ್ತೇನೆ ಎಂದೆ.

ಅವಳು ಅಂಗೈಯಿಂದ ನನ್ನ ತಲೆ ಸವರಿದಳು. ಆ ದಿನ ಮೊದಲ ಸಲ ನಕ್ಕಳು.

"ನನ್ನ ಮುಡಿ ನಾನೇ ಕೊಡ್ತೀನಿ. ಇದಿರ್ಲಿ ಬುಡ್ರೀ," ಎಂದಳು, "ಇನ್ನೊಂದ್ಸಲಕ್ಕೆ ಬೇಕಾಗುತ್ತೆ."

ಅವತ್ತಿನಿಂದ ನಾನು ಬಹಳ ಶ್ರದ್ಧೆಯಿಂದ ಕೂದಲು ಬೆಳೆಸುತ್ತಿದ್ದೇನೆ.