ನಂಜಪ್ಪಜ್ಜನ ಗದ್ದೆಯಲ್ಲಿ ನಮ್ಮ ಜೀಪು

ಫೋರ್ ವೀಲ್ ಡ್ರೈವ್ ಜೀಪು ಎಲ್ಲೂ ಹೂತುಕೊಳ್ಳುವುದಿಲ್ಲ. ಈ ಮಾತನ್ನು ನಾನು ಒಂದೇ ಬೆಳಿಗ್ಗೆ ನಮ್ಮ ಅತ್ತೆಗೆ, ಯಜಮಾನರಿಗೆ, ಎದುರು ಮನೆಯವರಿಗೆ ಮತ್ತು ಆ ಜೀಪಿನ ಮಾಲೀಕರಿಗೆ ಹೇಳಿದ್ದೆ. ಮಾಲೀಕರೊಬ್ಬರು ಮಾತ್ರ ನಂಬಲಿಲ್ಲ.

ಆಗ ನಾನು ಆಲೂರಿನಲ್ಲಿ ಹೈಸ್ಕೂಲು ಗಣಿತದ ಟೀಚರು. ತೊಂಬತ್ತರ ದಶಕದ ಕೊನೆ, ಶ್ರಾವಣ ಮಾಸ. ನಾದಿನಿ ಶೋಭಾಗೆ ಏಳು ತಿಂಗಳು ತುಂಬಿತ್ತು. ಅವಳ ಗಂಡನ ಮನೆ ಕೆ. ಹೊಸಕೋಟೆಯಿಂದ ಎರಡು ಮೈಲಿ ಒಳಗೆ. ಶುಕ್ರವಾರ ಬೆಳಿಗ್ಗೆ ಅಲ್ಲಿಗೆ ಹೋಗಬೇಕು, ಹತ್ತೂವರೆಗೆ ರಾಹುಕಾಲ ಶುರುವಾಗುವ ಮೊದಲು ಬಳೆ ತೊಡಿಸಬೇಕು, ಊಟ ಮುಗಿಸಿ ಬಾಣಂತನಕ್ಕೆ ಅವಳನ್ನು ತವರಿಗೆ ಕರೆತರಬೇಕು. ಬಸ್ಸು ನಂಬಿದರೆ ಬಸುರಿಯನ್ನು ಎರಡು ಮೈಲಿ ಕೆಸರಲ್ಲಿ ನಡೆಸಬೇಕಾಗುತ್ತದೆ. ಬಾಡಿಗೆ ಕಾರಿನವರು ಆ ರಸ್ತೆಯ ಹೆಸರು ಕೇಳಿದರೇ ಫೋನ್ ಇಟ್ಟುಬಿಡುತ್ತಿದ್ದರು. ಹಾಗಾಗಿ ಸೋಮಣ್ಣನವರ ಜೀಪು ಗೊತ್ತು ಮಾಡಿದೆವು.

ಶುಕ್ರವಾರ ಜೀಪು ಹೇಳಿದ ಹೊತ್ತಿಗೆ ಬಂತು. ಡ್ರೈವರ್ ಬರಲಿಲ್ಲ.

"ಅವ್ನಿಗೆ ಚಳಿಜ್ವರ ಕಣಮ್ಮ. ನಂಗೆ ಹಾಸನದಲ್ಲಿ ಕೋರ್ಟು ಐತೆ. ನಾಳಿಕ್ಕೆ ಇಟ್ಕಳಿ ಶಾಸ್ತ್ರವ," ಎಂದರು ಸೋಮಣ್ಣ.

"ನಾಳಿಕ್ಕೆ ಹೆಂಗಾಗ್ತದೆ? ಅಡುಗೆ ಆಗೋಗೈತೆ!" ಅತ್ತೆ ಒಳಗಿನಿಂದಲೇ ಕೂಗಿದರು.

ಆಗ ನಾನು ಹೇಳಿದೆ: "ನಾನು ಓಡಿಸ್ತೀನಿ."

ಇದು ಸುಳ್ಳಲ್ಲ. ನನ್ನ ಹತ್ತಿರ ಲೈಸೆನ್ಸ್ ಇತ್ತು. ನಮ್ಮಪ್ಪ ಹಾನುಬಾಳಿನ ಹತ್ತಿರ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಕಾಲೇಜಿನ ರಜೆಯಲ್ಲಿ ಎಸ್ಟೇಟಿನ ಜೀಪನ್ನು ನಾನು ಸಾಕಷ್ಟು ಸಲ ಓಡಿಸಿದ್ದೆ. ಎಲ್ಲಿ ಓಡಿಸಿದ್ದೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಾಫಿ ಒಣಗಿಸುವ ಸಿಮೆಂಟಿನ ಕಣದಲ್ಲಿ! ಒಂದು ಸುತ್ತು ಬಲಕ್ಕೆ, ಒಂದು ಸುತ್ತು ಎಡಕ್ಕೆ. ಅದೂ ಬೇಸಿಗೆಯಲ್ಲಿ.

ಸೋಮಣ್ಣ ಕೀ ಕೊಡುವ ಮುಂಚೆ, "ನೋಡಮ್ಮ, ಫೋರ್ ವೀಲ್ ಹಾಕ್ಬೇಕಾದ್ರೆ ಮೊದ್ಲು ಇಳ್ದು ಮುಂದ್ಗಡೆ ಚಕ್ರದಲ್ಲಿ..." ಎಂದು ಶುರು ಮಾಡಿದರು.

"ನಂಗೆಲ್ಲ ಗೊತ್ತು ಬಿಡಿ ಸೋಮಣ್ಣ," ಎಂದು ಕೀ ಇಸಿದುಕೊಂಡೆ. ಮಕ್ಕಳು ಲೆಕ್ಕ ಅರ್ಧ ಕೇಳಿ ಹೀಗೆಂದಾಗ ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಇರಲಿ.

ಅತ್ತೆ ಹೊಸ ರೇಷ್ಮೆ ಸೀರೆಯುಟ್ಟು ಮುಂದಿನ ಸೀಟಿನಲ್ಲಿ ಕೂತರು. ತೊಡೆಯ ಮೇಲೆ ಬಳೆಯ ಡಬ್ಬ. ಯಜಮಾನರು ಹಿಂದೆ, ರವೆ ಉಂಡೆ, ಕರ್ಜಿಕಾಯಿ, ಚಕ್ಕುಲಿಯ ಬುಟ್ಟಿಗಳ ನಡುವೆ. ಅವರು ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಗಾಬರಿಬಿದ್ದ ಹಸುವನ್ನು ಸಮಾಧಾನ ಮಾಡುವ ದನಿಯಲ್ಲೇ ನನ್ನ ಜೊತೆಗೂ ಮಾತಾಡುತ್ತಾರೆ. "ನಿಧಾನ... ನಿಧಾನ..." ಎಂದರು. ಹೊರಟೆವು.

ಕೆ. ಹೊಸಕೋಟೆವರೆಗೆ ನನ್ನ ಚಾಲನೆಯಲ್ಲಿ ಒಂದು ದೋಷವನ್ನೂ ಯಾರೂ ಹುಡುಕಲಾರರು. ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ ನನ್ನ ಇಬ್ಬರು ವಿದ್ಯಾರ್ಥಿನಿಯರಿಗೆ ಕೈಯನ್ನೂ ಬೀಸಿದೆ. ಊರು ದಾಟಿ ಒಂದು ಮೈಲಿ ಹೋದ ಮೇಲೆ ರಸ್ತೆ ಇರಲಿಲ್ಲ! ಮೋರಿ ಕಟ್ಟಲು ಅಗೆದು, ಆಚೆ ಈಚೆ ಕಲ್ಲು ಪೇರಿಸಿ ಹೋಗಿದ್ದರು. ಬಳಸಿಕೊಂಡು ಹೋಗುವುದಾದರೆ ವಾಪಸ್ ಹೋಗಿ ಇನ್ನೊಂದು ದಾರಿ ಹಿಡಿಯಬೇಕು, ಐದು ಮೈಲಿ. ಎಡಕ್ಕೆ ಒಂದು ಗಾಡಿ ಜಾಡು ಗದ್ದೆ ಬಯಲಿಗೆ ಇಳಿದಿತ್ತು. ಬಯಲಿನ ಆಚೆ ದಡದಲ್ಲಿ ಶೋಭಾಳ ಮನೆಯ ಹೆಂಚು ಕಾಣುತ್ತಿತ್ತು. ಗಂಟೆ ಒಂಬತ್ತೂವರೆ.

"ರಾಹುಕಾಲ ಬಂದ್ಬುಡ್ತದೆ ಕಣವ್ವ," ಎಂದರು ಅತ್ತೆ.

ನಾನು ಎಡಕ್ಕೆ ತಿರುಗಿಸಿದೆ.

"ಒಂಚೂರು ನಿಲ್ಲಿಸು, ನಾನು ಇಳಿದು ನೋಡ್ತೀನಿ," ಎಂದರು ಯಜಮಾನರು.

"ಇಳಿದು ನೋಡೋದು ಕಾರಿನವರು. ಇದು ಫೋರ್ ವೀಲ್!"

ಜಾಡು ಇಳಿಯುತ್ತ ಹೋಗಿ ಒಂದು ಕಡೆ ಅಗಲವಾಯಿತು. ಕಲ್ಲಿಲ್ಲ, ಗುಂಡಿಯಿಲ್ಲ, ನುಣ್ಣಗೆ ಸಮನಾಗಿ ಹರಡಿಕೊಂಡಿತ್ತು. ಮೇಲೆ ತೆಳ್ಳಗೆ ಮಳೆ ನೀರು. ಹಳ್ಳಿಯವರು ರಸ್ತೆಯನ್ನು ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆ ಎಂದು ಮೆಚ್ಚಿಕೊಂಡೇ ವೇಗ ಹೆಚ್ಚಿಸಿದೆ.

ಜೀಪು ಇಪ್ಪತ್ತು ಅಡಿ ಹೋಗಿ ಕೂತಿತು. ನಿಂತಿತು ಎನ್ನುವಂತಿಲ್ಲ, ಕೂತಿತು.

ಗಾಬರಿಯಾಗಲಿಲ್ಲ. ಇಂಥ ಸಂದರ್ಭಕ್ಕೆಂದೇ ಇರುವ ಸಣ್ಣ ಲಿವರನ್ನು ಗಂಭೀರವಾಗಿ ಎಳೆದು ಆಕ್ಸಿಲರೇಟರ್ ಒತ್ತಿದೆ. ಹಿಂದಿನ ಚಕ್ರಗಳು ಗಿರಗಿರ ತಿರುಗಿದವು. ಮುಂದಿನವು ತಿರುಗಲಿಲ್ಲ. ರಿವರ್ಸ್ ಹಾಕಿದೆ. ಇನ್ನಷ್ಟು ಕೂತಿತು. ಯಜಮಾನರು ಪ್ಯಾಂಟು ಮಡಚಿ ಇಳಿದರು. ಮಡಚಿದ್ದು ಮೊಣಕಾಲಿನ ತನಕ, ಹೂತದ್ದು ಅದಕ್ಕೂ ಮೇಲೆ.

"ತಳ್ತೀನಿ, ಮೆತ್ತಗೆ ಬಿಡು. ಮೆತ್ತಗೆ..."

ನಾನು ಮೆತ್ತಗೆ ಬಿಟ್ಟೆನೆಂದೇ ಇವತ್ತಿಗೂ ನನ್ನ ನಂಬಿಕೆ. ಕನ್ನಡಿಯಲ್ಲಿ ನೋಡಿದರೆ ಯಜಮಾನರು ಇರಲಿಲ್ಲ! ಅವರಿದ್ದ ಜಾಗದಲ್ಲಿ ಕೆಸರಿನ ಒಬ್ಬ ಮನುಷ್ಯ ನಿಂತು, ಎರಡು ಕಣ್ಣು ಬಿಟ್ಟು ನೋಡುತ್ತಿದ್ದ.

"ಸಾಕು," ಎಂದಿತು ಅದು.

ಸೊಪ್ಪು ಮುರಿದು ಚಕ್ರಕ್ಕೆ ಕೊಟ್ಟೆವು. ನುಂಗಿತು. ಬದುವಿನ ಕಲ್ಲು ಕಿತ್ತು ಕೊಟ್ಟೆವು. ಅದನ್ನೂ ನುಂಗಿತು. ಹಿಂದೆ ಹಾಸಿದ್ದ ಜಮಖಾನ ಕೊಟ್ಟೆವು. ಅದು ಆಮೇಲೆ ಯಾರಿಗೂ ಸಿಕ್ಕಿಲ್ಲ. ಇಷ್ಟಾದರೂ ಅತ್ತೆ ಬಳೆ ಡಬ್ಬ ಹಿಡಿದು ಮುಂದಿನ ಸೀಟಿನಲ್ಲಿ ಅಲುಗಾಡದೆ ಕೂತಿದ್ದರು.

ಅಷ್ಟರಲ್ಲಿ ಬದುವಿನ ಮೇಲೆ ಒಬ್ಬ ಮುದುಕಪ್ಪ ಬಂದು ನಿಂತರು. ತಲೆಗೆ ಟವೆಲ್ಲು, ಕೈಯಲ್ಲಿ ಸಸಿಯ ಕಟ್ಟು. ಹಿಂದೆ ಏಳೆಂಟು ಜನ ನಾಟಿಯ ಹೆಂಗಸರು.

"ಯಾಕವ್ವ, ಇದ್ನ ಇಲ್ಲಿಗೆ ತಂದೆ?" ಎಂದರು ಮುದುಕಪ್ಪ.

"ರಸ್ತೆ ಸ್ವಲ್ಪ ಹಾಳಾಗಿದೆ ತಾತ," ಎಂದೆ.

"ಇದು ರಸ್ತೆ ಅಲ್ಲ ಕಣವ್ವ. ನಮ್ ಗದ್ದೆ. ನೆನ್ನೆ ಸಂಜೆ ತಂಕ ಹಲಗೆ ಎಳ್ದು ಸಮ ಮಾಡಿವ್ನಿ, ಇವತ್ತು ನಾಟಿ."

ಹೆಂಗಸರಲ್ಲಿ ಒಬ್ಬಳಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಯಾರಿಗೂ ಆಗಲಿಲ್ಲ. ಮುದುಕಪ್ಪ ಮಾತ್ರ ನಗದೆ ಕೆಸರಿನ ಮನುಷ್ಯನನ್ನೇ ದಿಟ್ಟಿಸಿ, "ಅರೆ, ನಮ್ ದನಿನ್ ಆಸ್ಪತ್ರೆ ಕಾಂಪೌಂಡ್ರಲ್ವೇ! ನಮ್ ಎಮ್ಮೆ ಉಳಿಸ್ಕೊಟ್ಟೋರು!" ಎಂದರು. ಅವರೇ ನಂಜಪ್ಪಜ್ಜ. ಆ ಎಮ್ಮೆ ಯಾವುದೋ ನನಗೆ ಗೊತ್ತಿಲ್ಲ, ಅದಕ್ಕೆ ನಾನು ಋಣಿ. ಇಲ್ಲದಿದ್ದರೆ ಅವತ್ತು ಬೈಗುಳವೂ ತಿಂದು ಬರುತ್ತಿದ್ದೆವು.

ಅಜ್ಜ ಆಚೆ ದಡಕ್ಕೆ ತಿರುಗಿ, ಇಡೀ ಬಯಲಿಗೆ ಕೇಳುವಂತೆ ಕೂಗಿದರು: "ಏಯ್ ಚಂದ್ರಾ! ನಿನ್ ಬೀಗರು ನಮ್ ಗದ್ದೆಗೆ ಬಂದವ್ರೆ ಕಣೋ!"

ಶೋಭಾಳ ಗಂಡ ಚಂದ್ರಣ್ಣ ಬಿಳಿ ಪಂಚೆಯಲ್ಲೇ ಓಡಿ ಬಂದರು. ಬಂದವರು ಮುಂದಿನ ಚಕ್ರದ ಹತ್ತಿರ ಬಗ್ಗಿ ಕೆಸರೊಳಗೆ ಕೈ ಹಾಕಿ ತಡಕಿದರು.

"ಅಕ್ಕ, ಮುಂದಿನ ಚಕ್ರದ ಹಬ್ ಲಾಕೇ ಮಾಡಿಲ್ವಲ್ಲ! ಇಲ್ಲಿ ತಿರುಗಿಸ್ದೆ ಹೋದ್ರೆ ಒಳಗಡೆ ಲಿವರ್ ಎಳೆದು ಏನು ಬಂತು? ಆಲೂರಿಂದ ಇಲ್ಲಿತನಕ ಎರಡೇ ಚಕ್ರದಲ್ಲಿ ಬಂದಿದೀರ!"

ಎಲ್ಲರೂ ನನ್ನ ಕಡೆ ನೋಡಿದರು. ನಾನು ಬಯಲಿನ ಸೌಂದರ್ಯ ನೋಡಿದೆ.

ಗಂಟೆ ಹತ್ತೂ ಹತ್ತಾಗಿತ್ತು. ಆಗ ಅತ್ತೆ ಇಳಿದರು. ರೇಷ್ಮೆ ಸೀರೆಯನ್ನು ಮೊಣಕಾಲಿನ ಮೇಲಕ್ಕೆತ್ತಿ ಸಿಕ್ಕಿಸಿ, ಬಳೆ ಡಬ್ಬ ತಲೆಯ ಮೇಲಿಟ್ಟು, ಸರಸರನೆ ಕೆಸರು ದಾಟಿ ಬದು ಹತ್ತಿದರು. ಎರಡು ನಿಮಿಷವೂ ಹಿಡಿಯಲಿಲ್ಲ!

"ಅತ್ತೆ, ಮೊದಲೇ ಇಳಿದು ಹೋಗಬಹುದಿತ್ತಲ್ಲ!"

ಅವರು ತಿರುಗಿ ನೋಡಿದರು. "ನೀನು ತೆಗೀತೀಯ ಅಂತ ನಂಬ್ಕಂಡು ಕೂತಿದ್ದೆ ಕಣವ್ವ."

ಸಿಟ್ಟಿನಿಂದ ಹೇಳಿದ್ದರೆ ಚೆನ್ನಾಗಿತ್ತು.

ಯಜಮಾನರು ಬುಟ್ಟಿಗಳನ್ನು ಹೊತ್ತು ಹಿಂದೆ ಹೋದರು. ಬಾಡಿಗೆ ಜೀಪನ್ನು ಬಿಟ್ಟು ಹೋಗುವಂತಿಲ್ಲ ಎಂದು ನಾನು ಉಳಿದೆ. ನಿಜ ಏನೆಂದರೆ, ಆ ಅವತಾರದಲ್ಲಿ ಬೀಗರ ಮನೆ ಹೊಸಿಲು ತುಳಿಯಲು ಮುಖವಿರಲಿಲ್ಲ. ಬಾನೆಟ್ಟಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಆಚೆ ದಡದಿಂದ ಸೋಬಾನೆ ಪದ ಕೇಳಿಸಿತು. ಹಸಿರು ಬಳೆ ಆರಿಸಲು ನಾನೇ ಹಾಸನಕ್ಕೆ ಹೋಗಿದ್ದೆ, ಅಂಗಡಿ ಅಂಗಡಿ ಅಲೆದಿದ್ದೆ. ಈಗ ಇನ್ನೂರು ಗಜ ದೂರದಲ್ಲಿ ಕೂತು ಪದ ಕೇಳುತ್ತಿದ್ದೇನೆ. ನಾಟಿಯ ಹೆಂಗಸರು ನೋಡುತ್ತಾರೆಂದು ಅಳಲಿಲ್ಲ.

ಅವರು ನೋಡುತ್ತಿರಲಿಲ್ಲ, ಜೀಪಿನ ಸುತ್ತ ಬಿಟ್ಟು ಉಳಿದ ಗದ್ದೆಯಲ್ಲಿ ನಾಟಿ ಶುರು ಮಾಡಿದ್ದರು.

ಹನ್ನೊಂದೂವರೆಗೆ ನಂಜಪ್ಪಜ್ಜ ಎರಡು ಜೊತೆ ಎತ್ತು ತಂದರು. ಹಗ್ಗ ಕಟ್ಟಿದರು. ಎತ್ತುಗಳ ಜೊತೆ ಮಾತಾಡುವ ಜವಾಬ್ದಾರಿ ವಾಪಸ್ ಬಂದಿದ್ದ ಯಜಮಾನರದ್ದು. "ನಿಧಾನ... ನಿಧಾನ..." ಎಂದರು. ನಾಲ್ಕು ಎತ್ತೂ ಅವರ ಮಾತು ಕೇಳಿದವು. ಜೀಪು ದೊಡ್ಡದಾಗಿ ನಿಟ್ಟುಸಿರು ಬಿಟ್ಟು ಎದ್ದು ಬಂತು. ಅಲ್ಲಿ ಮೊಣಕಾಲುದ್ದದ ಒಂದು ಗುಂಡಿ ಉಳಿಯಿತು.

"ಅಜ್ಜ, ನಿಮ್ಮ ಗದ್ದೆ ಹಾಳು ಮಾಡಿಬಿಟ್ಟೆ," ಎಂದೆ.

"ಹೋಗ್ಲಿ ಬುಡವ್ವ. ಮುಂದಿನ್ ಸತಿ ಬರಾದಾದ್ರೆ ಉಳೋಕ್ ಮುಂಚೆ ಬಾ," ಎಂದರು.

ಬೀಗರ ಮನೆಯ ಹಿತ್ತಲಿನಲ್ಲಿ ಕಾಲು ತೊಳೆಯುತ್ತಿದ್ದಾಗ ಶೋಭಾ ಬಂದಳು. ಎರಡೂ ಕೈ ಮುಂದೆ ಚಾಚಿದಳು. ಒಂದೊಂದರಲ್ಲೂ ಒಂದೊಂದು ಬಳೆ ಕಡಿಮೆಯಿತ್ತು.

"ಅತ್ತಿಗೆ ತೊಡಿಸ್ಲಿ ಅಂತ ಬಿಟ್ಟಿದೀನಿ."

"ರಾಹುಕಾಲ ಕಣೇ!"

"ಮುಗೀಲಿ, ಕಾಯ್ತೀನಿ," ಎಂದು ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತಳು. ಹನ್ನೆರಡು ಹೊಡೆದ ಮೇಲೆ ತೊಡಿಸಿದೆ. ನನ್ನ ಉಗುರಿನ ಸಂದಿಯ ಕೆಸರು ಅವಳ ಬಳೆಗೂ ಸ್ವಲ್ಪ ಹತ್ತಿತು.

ಅಷ್ಟರಲ್ಲಿ ಚಂದ್ರಣ್ಣ ಜೀಪನ್ನು ಬಳಸುದಾರಿಯಲ್ಲಿ ಮನೆ ಮುಂದಕ್ಕೆ ತಂದಿದ್ದರು. ಊಟವಾಯಿತು. ಹೊರಡುವ ಹೊತ್ತಿಗೆ ಶೋಭಾಳ ಅತ್ತೆ ಬಹಳ ಮರ್ಯಾದೆಯಿಂದ, "ನೀವು ನಡೀರಿ ಟೀಚರಮ್ಮ. ಹುಡುಗೀನ ಸೋಮವಾರ ನಾವೇ ಬಸ್ಸಲ್ಲಿ ಕರ್ಕಂಬತ್ತೀವಿ," ಎಂದರು. ಬಸುರಿಯನ್ನು ಎರಡು ಮೈಲಿ ಕೆಸರಲ್ಲಿ ನಡೆಸುವುದೇ ಕ್ಷೇಮವೆಂದು ಆ ಮನೆಯಲ್ಲಿ ಸರ್ವಾನುಮತದಿಂದ ತೀರ್ಮಾನವಾಗಿತ್ತು. ನಾವು ಅದೇ ಐದು ಮೈಲಿ ಬಳಸುದಾರಿಯಲ್ಲಿ ಹೊರಟೆವು. ಜೀಪು ಓಡಿಸಿದ್ದು ಚಂದ್ರಣ್ಣ. ಅತ್ತೆ ಮುಂದೆ ಕೂತರು, ನಾನು ಹಿಂದೆ ಖಾಲಿ ಬುಟ್ಟಿಗಳ ಜೊತೆ.

ಹೆಣ್ಣುಮಗು ಹುಟ್ಟಿತು. ಅವಳಿಗೆ ಹತ್ತು ವರ್ಷವಾದಾಗ ಒಮ್ಮೆ ಹಬ್ಬಕ್ಕೆ ಅವರ ಊರಿಗೆ ಹೋಗಿದ್ದೆ. ಇಬ್ಬರೂ ಬದುವಿನ ಮೇಲೆ ನಡೆಯುತ್ತಿದ್ದೆವು. ದಾರಿ ತಪ್ಪಿದ ಯಾರೋ ಎದುರಿನಿಂದ ಬಂದು ನಂಜಪ್ಪಜ್ಜನ ಮನೆ ಕೇಳಿದರು.

"ಹಿಂಗೇ ಹೋಗಿ, ಟೀಚರ್ ಗುಂಡಿ ದಾಟಿ ಬಲಕ್ಕೆ," ಎಂದಳು ಹುಡುಗಿ. ಅವರು ಹೋದ ಮೇಲೆ ನನ್ನ ಕೈ ಹಿಡಿದು, "ಅತ್ತೆ, ಅದಕ್ಕೆ ಟೀಚರ್ ಗುಂಡಿ ಅಂತ ಯಾಕಂತಾರೆ? ನಿಂಗೆ ಗೊತ್ತಾ?" ಎಂದು ಕೇಳಿದಳು.

"ಇಲ್ಲ ಪುಟ್ಟಿ. ತುಂಬಾ ಹಳೇ ಕಾಲದ ಹೆಸರಿರಬೇಕು," ಎಂದೆ.