ಕೊರೆಮೂತಿ ಕಾಣೆಯಾದ ದಿನ

ಎರಡು ಬ್ಯಾಟರಿಗಳು ಒಂದೇ ಬಣ್ಣದಲ್ಲಿದ್ದದ್ದೇ ಎಲ್ಲಕ್ಕೂ ಕಾರಣ. ಬೆಳಿಗ್ಗೆ ಅವನಿಗೊಂದು ಸೀನು ಬಂತು, ಕೈ ಅಲುಗಿತು, ಹೊಸದೂ ಹಳೆಯದೂ ಉರುಳಿ ಬೆರೆತುಹೋದವು. ಕಲ್ಲಂಗಡಿ ಆರಿಸುವವರ ಹಾಗೆ ಎರಡನ್ನೂ ಕಿವಿಯ ಹತ್ತಿರ ಹಿಡಿದು ತಟ್ಟಿ ನೋಡಿದ. ಧೈರ್ಯ ಮಾಡಿ ಒಂದನ್ನು ಆರಿಸಿದ. ಅದು ಹಳೆಯದು.

ಅವನ ಕೆಲಸ ನೆಲದಡಿಯಲ್ಲಿ ಹೋಗುವ ಕಬ್ಬಿಣದ ಜಾಡು ಹಿಡಿಯುವುದು. ಅದಕ್ಕೇ ಎಲ್ಲರೂ ಅವನನ್ನು ಜಾಡಪ್ಪ ಎನ್ನುತ್ತಿದ್ದರು. ಬೀದಿಯ ಈ ತುದಿಯಲ್ಲಿ ಯಂತ್ರ ನಿಲ್ಲುತ್ತದೆ. ಉಕ್ಕಿನ ಸರಳುಗಳನ್ನು ಒಂದಕ್ಕೊಂದು ಜೋಡಿಸಿ ಭೂಮಿಯೊಳಕ್ಕೆ ತಳ್ಳುತ್ತದೆ. ಎಲ್ಲಕ್ಕಿಂತ ಮುಂದಿರುವ ಸರಳಿಗೊಂದು ಕೊರೆಮೂತಿ. ಅದು ಮಣ್ಣು ಕೊರೆಯುತ್ತ ಹೋಗಿ ಆ ತುದಿಯ ಗುಂಡಿಯಲ್ಲಿ ತಲೆ ಎತ್ತಬೇಕು. ಆಮೇಲೆ ಅದಕ್ಕೆ ನೀರಿನ ಪೈಪು ಕಟ್ಟಿ ಹಿಂದಕ್ಕೆ ಎಳೆದರೆ ಮುಗಿಯಿತು. ರಸ್ತೆ ಅಗೆಯುವ ಗೋಜೇ ಇಲ್ಲ. ಮೂತಿಯ ಹೊಟ್ಟೆಯಲ್ಲಿ ಬ್ಯಾಟರಿ ಹಾಕಿದ ಒಂದು ಪುಟ್ಟ ಸಾಧನ ಕುಳಿತು, ‘ಇಲ್ಲಿದ್ದೀನಿ, ಇಲ್ಲಿದ್ದೀನಿ’ ಎಂದು ಸಂಕೇತ ಕೊಡುತ್ತಿರುತ್ತದೆ. ಮೇಲೆ ಜಾಡಪ್ಪ ಕೈಯಲ್ಲಿ ಪೆಟ್ಟಿಗೆ ಹಿಡಿದು ಅದನ್ನು ಆಲಿಸುತ್ತ, ಎಡಕ್ಕೆ, ಬಲಕ್ಕೆ ಎಂದು ಕೈ ಎತ್ತಿ ತೋರಿಸಬೇಕು. ಕೈ ಎತ್ತದಿದ್ದರೆ ನೇರ ಹೋಗು ಎಂದರ್ಥ.

ಹನ್ನೊಂದು ಗಂಟೆಗೆ, ಕ್ಷೌರದ ಅಂಗಡಿಯ ಮುಂದೆ, ಪೆಟ್ಟಿಗೆ ಸುಮ್ಮನಾಯಿತು.

ಜಾಡಪ್ಪ ಅದನ್ನು ಅಲ್ಲಾಡಿಸಿದ. ಊದಿದ. ಕೊನೆಗೆ ಒಂದು ಗುದ್ದು ಕೊಟ್ಟ.

“ಏನಾಯ್ತು?” ಕ್ಷೌರಿಕ ಕತ್ತಿ ಹಿಡಿದೇ ಹೊರಗೆ ಬಂದ. ಅವನ ಹಿಂದೆ ಅರ್ಧ ಕೆನ್ನೆಗೆ ನೊರೆ ಹಚ್ಚಿಕೊಂಡ ಗಿರಾಕಿಯೂ ಬಂದ.

“ಏನಿಲ್ಲ, ಏನಿಲ್ಲ. ಮೂತಿ ಎಲ್ಲಿದೆ ಅಂತ ಗೊತ್ತಾಗ್ತಿಲ್ಲ, ಅಷ್ಟೇ.”

“ಅಂದ್ರೆ ಕಳೆದುಹೋಯ್ತಾ?” ನೊರೆಯವನು ಬೀದಿಗೆಲ್ಲ ಕೇಳುವಂತೆ ಕೂಗಿದ.

ಜಾಡಪ್ಪ ಯಂತ್ರದ ಕಡೆ ಓಡಿದ. ಅದನ್ನು ನಡೆಸುವವನು ದಿನಕ್ಕೆ ನಾಲ್ಕೇ ಮಾತಾಡುವ ಆಸಾಮಿ. ಮೌನಿ ಎಂದೇ ಹೆಸರು. ಅವನು ಉಳಿದಿದ್ದ ನಾಲ್ಕೂ ಸರಳುಗಳನ್ನು ತಳ್ಳಿ, ಇಂಜಿನ್ ಆರಿಸಿ, ಬುತ್ತಿ ಬಿಚ್ಚುತ್ತಿದ್ದ.

“ಎಲ್ಲಿಗೆ ತಳ್ಳಿದೆಯಪ್ಪಾ?”

“ಮುಂದಕ್ಕೆ,” ಎಂದ ಮೌನಿ, ತುತ್ತು ಬಾಯಿಗಿಟ್ಟುಕೊಂಡು.

ಜಾಡಪ್ಪ ಆ ತುದಿಯ ಗುಂಡಿಗೆ ಓಡಿದ. ಗುಂಡಿಯಲ್ಲಿ ಕಂಠಮಟ್ಟ ಕೆಸರು ನೀರು. ಮೂತಿಯ ಸುಳಿವಿಲ್ಲ. ಮೂರು ಗಂಟೆಗೆ ದೊಡ್ಡ ಸಾಹೇಬರು ಬರುವವರಿದ್ದರು. ಹೋದ ತಿಂಗಳು ಬೇರೆ ಬೀದಿಯಲ್ಲಿ ಮೂತಿ ದಾರಿ ತಪ್ಪಿ ಯಾರದೋ ಹಾಲ್‌ನ ಸೋಫಾದಡಿಯಿಂದ ಎದ್ದಿತ್ತು. ಆ ಜಾಡುಗಾರ ಮಾರನೆಯ ದಿನದಿಂದ ಮನೆಯಲ್ಲೇ ಇದ್ದ.

ಅಷ್ಟರಲ್ಲಿ ಬೀದಿಗೆ ಬೀದಿಯೇ ಸೇರಿತ್ತು. ಟೈಲರಮ್ಮ ಕೊರಳಿಗೆ ಅಳತೆಪಟ್ಟಿ ನೇತುಹಾಕಿಕೊಂಡೇ ಓಡಿಬಂದಳು.

“ನಮ್ಮ ಅಡುಗೆಮನೆ ನೆಲದಲ್ಲಿ ಗುರ್ ಗುರ್ ಅಂತಿದೆ! ಬೇಗ ಬನ್ನಿ!”

ಜಾಡಪ್ಪ ಹೋಗಿ ಮೊಣಕಾಲೂರಿ ನೆಲಕ್ಕೆ ಕಿವಿ ಕೊಟ್ಟ. ಗುರ್ ಎನ್ನುತ್ತಿದ್ದದ್ದು ನಿಜ. ರಾತ್ರಿಪಾಳಿ ಮುಗಿಸಿ ಬಂದ ಅವಳ ಗಂಡ, ತಂಪಾಗಿರಲಿ ಎಂದು ಗ್ಯಾಸ್ ಸಿಲಿಂಡರಿನ ಮರೆಯಲ್ಲಿ ಮಲಗಿದ್ದ.

ಹೊರಗೆ ಬಂದರೆ ನಿವೃತ್ತ ಲೆಕ್ಕದ ಮೇಷ್ಟ್ರು ಸೀಮೆಸುಣ್ಣದಲ್ಲಿ ಅರ್ಧ ರಸ್ತೆ ತುಂಬಿಸಿದ್ದರು.

“ನಾಲ್ಕು ಸರಳು. ಒಂದೊಂದೂ ಇಷ್ಟಿಷ್ಟೇ ಸೊಟ್ಟ ಹೋಗಿದೆ ಅಂತಿಟ್ಕೊಳ್ಳಿ. ಹಾಗಿದ್ರೆ ಮೂತಿ ಈಗ ನನ್ನ ಬಚ್ಚಲುಮನೆ ಬಾಗಿಲಲ್ಲಿದೆ.”

“ನೇರ ಹೋಗಿದ್ರೆ ಸಾರ್?”

“ನೇರ ಹೋಗಿದ್ರೆ ಲೆಕ್ಕ ಯಾಕ್ರೀ ಮಾಡ್ಬೇಕು?” ಮೇಷ್ಟ್ರು ರೇಗಿದರು.

ಬಚ್ಚಲುಮನೆ ಎಂಬ ಮಾತು ಕೇಳಿದ್ದೇ ತಡ, ಎಲ್ಲರಿಗೂ ತಂತಮ್ಮ ಬಚ್ಚಲುಮನೆ ನೆನಪಾಯಿತು. ಮೇಷ್ಟ್ರು ಗುದ್ದಲಿ ತಂದು ತಮ್ಮ ಗೇಟಿನ ಮುಂದೆಯೇ ಅಗೆಯತೊಡಗಿದರು. ಮೂತಿ ಮನೆಯೊಳಗೆ ನುಗ್ಗುವ ಮುನ್ನ ಹೊಸ್ತಿಲಲ್ಲೇ ತಡೆಯಬೇಕಂತೆ. ಅದನ್ನು ನೋಡಿ ಟೈಲರಮ್ಮ ಹಾರೆ ತಂದಳು. ಕ್ಷೌರಿಕ ಅಂಗಡಿಯ ಮುಂದೆ ಅಗೆದ. ನೊರೆಯವನ ಮನೆಯೂ ಅದೇ ಬೀದಿಯಲ್ಲಿತ್ತು. ಅವನೂ ಒಂದು ಕಡೆ ನೊರೆ ಒಣಗಿದ, ಇನ್ನೊಂದು ಕಡೆ ಗಡ್ಡ ಬೆಳೆದ ಕೆನ್ನೆ ಹೊತ್ತು ಅಗೆದ.

“ಬೇಡ್ರೀ! ಅಗೆಯಬಾರದು ಅಂತಲೇ ಈ ಮೆಷಿನ್ ತಂದಿರೋದು!” ಜಾಡಪ್ಪ ಗೇಟಿನಿಂದ ಗೇಟಿಗೆ ಓಡಾಡಿ ಕೈಮುಗಿದ.

“ನಿಮ್ಮನೆ ಆಗಿದ್ರೆ ಸುಮ್ನಿರ್ತಿದ್ರಾ?” ಎಂದಳು ಟೈಲರಮ್ಮ. “ಬಾಯಿ ಬಿಟ್ಕೊಂಡು ನಿಲ್ಲೋ ಬದಲು ಈ ಕಲ್ಲು ಎತ್ತಿ.”

ಅವನು ಕಲ್ಲು ಎತ್ತಿದ. ಆಮೇಲೆ ಇನ್ನೊಂದು. ಎರಡೂವರೆಯ ಹೊತ್ತಿಗೆ ಬೀದಿಯ ಹದಿನಾರು ಗೇಟುಗಳ ಮುಂದೆ ಹದಿನಾರು ಗುಂಡಿಗಳು ಬಾಯಿ ತೆರೆದು ಕೂತಿದ್ದವು. ಮೂತಿ ಮಾತ್ರ ಯಾವುದರಲ್ಲೂ ಇರಲಿಲ್ಲ. ಜಾಡಪ್ಪ ಕೊನೆಯ ಗುಂಡಿಯೊಳಗೆ ಎದೆಮಟ್ಟ ನಿಂತು, ಇಲ್ಲೇ ಮಣ್ಣು ಮುಚ್ಚಿಬಿಟ್ಟರೆ ಸಾಹೇಬರಿಗೆ ಮುಖ ತೋರಿಸುವುದು ತಪ್ಪುತ್ತದಲ್ಲ ಎಂದು ಯೋಚಿಸುತ್ತಿದ್ದ.

ಊಟ, ಒಂದು ಸಣ್ಣ ನಿದ್ದೆ, ಎರಡೂ ಮುಗಿಸಿದ ಮೌನಿ ಮೆಲ್ಲಗೆ ನಡೆದು ಬಂದ. ಗುಂಡಿಗಳನ್ನೆಲ್ಲ ಒಂದು ಸಲ ನೋಡಿದ.

“ಏನು ಹುಡುಕ್ತಿದ್ದೀರಿ?”

“ಮೂತಿ ಕಣಯ್ಯಾ!” ಜಾಡಪ್ಪನಿಗೆ ಅಳು ಬರುವುದೊಂದೇ ಬಾಕಿ.

ಮೌನಿ ಬೀದಿಯ ತುದಿಗೆ ಹೋದ. ಕೆಸರು ತುಂಬಿದ ಗುಂಡಿಯೊಳಕ್ಕೆ ಒಂದು ಕೋಲು ಇಳಿಬಿಟ್ಟ. ಟಣ್ ಎಂದಿತು. ಕೆಸರನ್ನು ಹತ್ತು ಬಕೆಟ್ ಎತ್ತಿ ಹಾಕಿದ್ದೇ ತಡ, ಮೂತಿ ಹೊರಬಂತು. ಇರಬೇಕಾದ ಕಡೆ, ಒಂದು ಗೇಣೂ ಆಚೀಚೆ ಆಗದೆ, ಸ್ನಾನ ಮುಗಿಸಿದ ಎಮ್ಮೆಯ ಹಾಗೆ ನೆಮ್ಮದಿಯಾಗಿ ಒರಗಿತ್ತು. ಕೊರೆಯುವಾಗ ಬಿಟ್ಟ ನೀರು ಅದರ ಜೊತೆಗೇ ಬಂದು ಗುಂಡಿ ತುಂಬಿತ್ತು, ಅಷ್ಟೇ.

“ಗೊತ್ತಿತ್ತಾ ನಿನಗೆ? ಮತ್ತೆ ಹೇಳೋದಲ್ವೇನೋ?”

“ನೀವು ಕೇಳ್ಲಿಲ್ಲ.”

ಜಾಡಪ್ಪ ಅವನನ್ನು ಬೈಯಬೇಕೆಂದುಕೊಂಡ, ಬದಲಿಗೆ ತಬ್ಬಿಕೊಂಡ. ಎದೆಯ ಮೇಲಿಂದ ಒಂದು ರೋಡ್ ರೋಲರ್ ಇಳಿದುಹೋದಂತಾಯಿತು. ಆ ಹಗುರ ಅರ್ಧ ನಿಮಿಷವೂ ಉಳಿಯಲಿಲ್ಲ. ಸಾಹೇಬರ ಜೀಪು ತಿರುವಿನಲ್ಲಿ ಕಂಡಿತು.

ಸಾಹೇಬರು ಇಳಿದರು. ಹದಿನಾರು ಗುಂಡಿಗಳ ಉದ್ದಕ್ಕೂ ನಡೆದರು. ಗುದ್ದಲಿ, ಹಾರೆಗಳೆಲ್ಲ ಮಾಯವಾಗಿದ್ದವು.

“ಯಾರು ಮಾಡಿಸಿದ್ದು ಇದನ್ನ?”

“ಇವರೇ ಸಾರ್!” ಮೇಷ್ಟ್ರು, ಟೈಲರಮ್ಮ, ಕ್ಷೌರಿಕ, ಮೂವರೂ ಒಂದೇ ಉಸಿರಿಗೆ ಜಾಡಪ್ಪನತ್ತ ಬೆರಳು ಮಾಡಿದರು.

ಜಾಡಪ್ಪ ಕಣ್ಣು ಮುಚ್ಚಿಕೊಂಡ. ಹೆಗಲ ಮೇಲೆ ಸಾಹೇಬರ ಕೈ ಬಿತ್ತು. ಅದು ಮೃದುವಾಗಿತ್ತು.

“ಭೇಷ್ ಕಣಯ್ಯಾ! ಮನೆಮನೆಗೂ ನಲ್ಲಿ ಕೊಡೋಕೆ ಗೇಟಿನ ಮುಂದೆ ಒಂದೊಂದು ಗುಂಡಿ ಬೇಕು ಅಂತ ಆರು ತಿಂಗಳಿಂದ ಇವರ ಕಾಲು ಹಿಡೀತಿದ್ದೀನಿ. ಗುದ್ದಲಿ ಇಟ್ಟರೆ ಕೋರ್ಟಿಗೆ ಹೋಗ್ತೀವಿ ಅಂತ ಹದಿನಾರೂ ಮನೆಯವರು ಸಹಿ ಮಾಡಿ ಕಳಿಸಿದ್ರು. ಒಂದೇ ದಿನದಲ್ಲಿ ಹೇಗಯ್ಯಾ ಒಪ್ಪಿಸಿದೆ?”

ಇಲ್ಲಿ ನಿಜ ಹೇಳಿಬಿಟ್ಟಿದ್ದರೆ ಕತೆ ಬೇರೆಯಾಗುತ್ತಿತ್ತು. ಆದರೆ ಬೆಳಗಿನಿಂದ ಬೈಗುಳಕ್ಕೆ ಸಿದ್ಧವಾಗಿದ್ದ ಕಿವಿಗೆ ಹೊಗಳಿಕೆ ಬಿದ್ದಾಗ ಬಾಯಿ ತಾನಾಗಿ ತೆರೆಯುತ್ತದೆ.

“ಸ್ವಲ್ಪ ನಯವಾಗಿ ಮಾತಾಡಿದೆ ಸಾರ್. ಜನ ಒಳ್ಳೆಯವರು.”

“ಉಪಾಯ ನಂದು ಸಾರ್, ಲೆಕ್ಕ ಹಾಕಿ…” ಎಂದು ಮೇಷ್ಟ್ರು ಮುಂದೆ ಬಂದರು. ಸಾಹೇಬರು ಅವರತ್ತ ನೋಡಲೂ ಇಲ್ಲ.

“ಇಂಥ ಮಾತುಗಾರನ್ನ ನಾನು ಪೆಟ್ಟಿಗೆ ಹಿಡಿಸಿ ಓಡಾಡಿಸ್ತಿದ್ದೀನಲ್ಲ!” ಎಂದು ಅವರು ಜಾಡಪ್ಪನ ಪೆಟ್ಟಿಗೆ ಎತ್ತಿ ಮೌನಿಯ ಕೈಗಿತ್ತು, ಮತ್ತೆ ಜಾಡಪ್ಪನತ್ತ ತಿರುಗಿದರು. “ನಾಳೆಯಿಂದ ನಿನಗೆ ಮಾತಾಡೋದೇ ಕೆಲಸ. ಕೆರೆ ಹಿಂದಿನ ಬೀದಿಗೆ ಹೋಗು. ಅಲ್ಲಿನವರನ್ನ ಒಪ್ಪಿಸು.”

ಸಾಹೇಬರು ಹೋದ ಮೇಲೆ ಜಾಡಪ್ಪ ಹೆಂಡತಿಗೆ ಫೋನ್ ಮಾಡಿದ.

“ಕೆಲಸ ಉಳೀತು ಕಣೇ.”

“ಅಬ್ಬಾ! ಮತ್ತೆ ಯಾಕೆ ದನಿ ಹಂಗಿದೆ?”

“ನಾಯಿ ಕಚ್ಚಿದ್ರೆ ಈಗ ಎಷ್ಟು ಇಂಜೆಕ್ಷನ್ ಕೊಡ್ತಾರೆ?”

“ಅಯ್ಯೋ, ನಾಯಿ ಕಚ್ತಾ?”

“ಇಲ್ಲ,” ಎಂದು ಜಾಡಪ್ಪ ನಿಟ್ಟುಸಿರು ಬಿಟ್ಟ. “ಕೆರೆ ಹಿಂದಿನ ಬೀದಿಗೆ ನಮ್ಮೋರು ಇದುವರೆಗೆ ಮೂರು ಜನ ಮಾತಾಡೋಕೆ ಹೋಗಿದ್ರು. ನಾಳೆ ನಾನು.”