ಕಲ್ಲೆತ್ತಲಾರದವನ ಕೈಗೆ ಗರಡಿಯ ಕೀಲಿ

‘ಇವತ್ತಿಗೆ ಮುಗಿಯಿತು, ನಾಳೆಯಿಂದ ಎಲ್ಲರೂ ನೆಟ್ಟಗಿರುತ್ತಾರೆ’ ಎಂದು ನಾನು ಅಂದುಕೊಂಡ ಮರುದಿನವೇ ನಮ್ಮ ಗರಡಿಮನೆಯಲ್ಲಿ ಹೊಸದೊಂದು ಭಾನಗಡಿ ಆಗಿರುತ್ತಿತ್ತು.

ಎಪ್ಪತ್ತರ ದಶಕದ ಮಾತು. ಬೈಲಹೊಂಗಲದಲ್ಲಿ ನಾನು ಪ್ರಾಥಮಿಕ ಶಾಲೆಯ ಮಾಸ್ತರ. ನಮ್ಮದು ಪುರೋಹಿತರ ಮನೆತನ. ಪೂಜೆಯ ಗಂಟೆಗಿಂತ ಭಾರವಾದದ್ದನ್ನು ಮನೆಯಲ್ಲಿ ಯಾರೂ ಎತ್ತಿದವರಲ್ಲ. ಆದರೂ ಓಣಿಯ ಪಂಚರು ಗರಡಿಯ ಕೀಲಿಯನ್ನು ನನಗೇ ಕೊಟ್ಟರು. ಕಾರಣವನ್ನು ಹಿರಿಯ ಪಂಚರು ಎಲ್ಲರೆದುರೇ ಹೇಳಿದರು: “ಬ್ಯಾರೇದವರಿಗೆ ಕೊಟ್ರ ಸಾಮಾನು ಹೊತ್ತು ಒಯ್ತಾರ. ಮಾಸ್ತರ ಕೈಲೆ ಅದು ಆಗೂದಿಲ್ಲ.”

ಈ ಹಿರಿಯ ಪಂಚರು ಓಣಿಯ ಸಾವಕಾರರು, ಹತ್ತಿ ವ್ಯಾಪಾರದವರು. ಹತ್ತಿಯ ಮೂಟೆ ಇಡಲು ಗರಡಿಯ ಮೇಲೆ ಮೊದಲಿನಿಂದಲೂ ಕಣ್ಣು. “ಸಾಮಾನು ಹಾಳಾದ್ವು, ಶಿಸ್ತು ಕೆಟ್ಟಿತು ಅಂತ ನನ್ನ ಕಿವಿಗೆ ಬಿತ್ತೋ, ಗರಡಿ ಬಂದ್ ಮಾಡಿ ಹತ್ತಿ ಅಂಡಿಗಿ ಇಡತೇನಿ, ನೋಡ್ರಿ” ಎಂದೂ ಹೇಳಿದರು. ನನ್ನ ಮೈಯಲ್ಲಿ ಕಸುವಿರಲಿಲ್ಲ, ಕಸುವಿದ್ದವರನ್ನು ನೋಡುವ ಆಸೆ ಮಾತ್ರ ಬಹಳವಿತ್ತು. ಆ ಕೆಂಪು ಮಣ್ಣಿನ ಕೋಣೆಯೆಂದರೆ ನನಗೆ ಜೀವ.

ಖಾರದ ಮುದ್ಗರ

ಪೈಲ್ವಾನರು ತೋಳಿನ ಬಲಕ್ಕೆಂದು ಭುಜದ ಸುತ್ತ ತಿರುಗಿಸುವ ಮರದ ಮುದ್ಗರಗಳಲ್ಲಿ ಒಂದು ಒಮ್ಮೆ ಮಾಯವಾಯಿತು. ಎರಡು ದಿನ ಬಿಟ್ಟು ತಾನಾಗಿಯೇ ಬಂದು ಮೂಲೆಯಲ್ಲಿ ನಿಂತಿತ್ತು. ಬಂತಲ್ಲ, ಸಾಕು ಎಂದು ಸುಮ್ಮನಾದೆ. ಅಷ್ಟರಲ್ಲಿ ಮುರಗೋಡ ಕಡೆಯ ಪೈಲ್ವಾನನೊಬ್ಬ ಅದನ್ನೆತ್ತಿ, ಬೆವೆತ ಬೆನ್ನಿಗೆ ಹತ್ತಿಸಿ ನಾಲ್ಕು ಸುತ್ತು ತಿರುಗಿಸಿದನೋ ಇಲ್ಲವೋ, “ಯಪ್ಪಾ, ಸತ್ತೆ!” ಎಂದು ಬಾವಿಯ ಕಡೆ ಓಡಿದ. ಮುದ್ಗರ ಮೂಸಿ ನೋಡಿದೆ. ನನಗೂ ನಾಲ್ಕು ಸೀನು ಬಂದವು.

ಒಯ್ದವನು ಅಲ್ಲೇ ಬೈಠಕ್ ಹೊಡೆಯುತ್ತಿದ್ದ. ನಿಲ್ಲಿಸದೇ ಒಪ್ಪಿಕೊಂಡ.

“ಮನ್ಯಾಗ ಖಾರ ಕುಟ್ಟೂದಿತ್ರಿ. ಒನಕಿ ಮುರದಿತ್ತು.”

“ತೊಳದರ ಇಡಬೇಕಿಲ್ಲೋ?”

“ನೀರು ಹತ್ತಿದ್ರ ಕಟಗಿ ಹಾಳಾಗತೈತಿ ಅಂತ ನೀವ ಹೇಳಿದ್ರೆಲ್ರಿ ಮಾಸ್ತರ್ರ.”

ಹೇಳಿದ್ದು ಹೌದು. ಬಾವಿಯ ಕಟ್ಟೆಯಿಂದ ದನಿ ಬಂತು: “ಖಾರ ಛಲೋ ಆಗೈತಿ, ಅರ್ಧ ಸೇರು ನಮ್ಮನಿಗೂ ಕೊಡಂತ ಹೇಳ್ರಿ!”

ಕಲ್ಲಿನ ಮೇಲಿನ ಕಚೇರಿ

ಯರಗಟ್ಟಿ ಸಂತೆಗೆ ಬಟ್ಟೆ ಒಯ್ಯುವ ವ್ಯಾಪಾರಿಯೊಬ್ಬರಿಗೆ ಹೊಟ್ಟೆ ಇಳಿಸಿರೆಂದು ಡಾಕ್ಟರು ಹೇಳಿದ್ದರಂತೆ. ದಿನಾ ತಪ್ಪದೆ ಬರುತ್ತಿದ್ದರು. ಬಂದವರು ನೇರವಾಗಿ ಸಂಗ್ರಾಣಿ ಕಲ್ಲಿನ ಮೇಲೆ ಕೂರುತ್ತಿದ್ದರು. ಅದು ಎತ್ತಿ ಇಳಿಸುವ ಕಲ್ಲು, ಗರಡಿಯಲ್ಲಿ ಇದ್ದದ್ದೇ ಒಂದು. ಇವರು ಅದರ ಮೇಲೆ ಕುಳಿತು ಸಂತೆಯ ಸುದ್ದಿ, ಬೀಗರ ಸುದ್ದಿ, ಮಳೆಯ ಸುದ್ದಿ ಎಲ್ಲ ಮುಗಿಸುವ ಹೊತ್ತಿಗೆ ಬಿಸಿಲೇರಿ ಗರಡಿ ಮುಚ್ಚುವ ವೇಳೆಯಾಗುತ್ತಿತ್ತು. “ಏಳ್ರಿ, ಹುಡುಗ್ರು ಕಾಯಾಕತ್ತಾರ” ಎಂದರೆ, “ಇದೊಂದು ಮಾತು ಮುಗಸತೇನಿ, ತಡೀರಿ” ಎನ್ನುತ್ತಿದ್ದರು. ಮಾತು ಮುಗಿದದ್ದನ್ನು ಕಂಡವರಿಲ್ಲ.

ಒಂದು ದಿನ ತಡೆಯಲಾರದೆ ನಾಲ್ವರು ಪೈಲ್ವಾನರು ಕಲ್ಲನ್ನು ಅವರ ಸಮೇತ ಎತ್ತಿ ಹೊರಗೆ ಬೇವಿನ ಗಿಡದ ಕೆಳಗೆ ಇಟ್ಟು ಬಂದರು. ದಾರಿಯುದ್ದಕ್ಕೂ ಅವರ ಮಾತು ನಿಲ್ಲಲಿಲ್ಲ. ಗಿಡದ ಕೆಳಗೆ ಇಳಿಸಿದ ಮೇಲೆ ಸುತ್ತ ನೋಡಿದರು. ನಾಚಿಕೆಯಾಯಿತೇನೋ ಎಂದುಕೊಂಡೆ.

“ಮಾಸ್ತರ್ರ, ಇಲ್ಲೆ ಗಾಳಿ ಛಲೋ ಬರತೈತಿ. ನಾಳಿಂದ ಕಲ್ಲು ಇಲ್ಲೇ ಇರ್ಲಿ.”

ಮಣ್ಣಿನ ಪಾಲಿನ ಮಜ್ಜಿಗೆ

ಕುಸ್ತಿಯಾಡುವ ಅಖಾಡದ ಮಣ್ಣಿಗೆ ಮಜ್ಜಿಗೆ, ಎಣ್ಣೆ, ಲಿಂಬೆಹಣ್ಣಿನ ರಸ, ಅರಿಷಿಣ ಹಾಕಿ ಕಲಸುವುದು ಪದ್ಧತಿ. ಬಿದ್ದವನಿಗೆ ಮಣ್ಣು ಮೆತ್ತಗಿರುತ್ತದೆ. ಓಣಿಯ ಮನೆಮನೆ ತಿರುಗಿ ಒಂದು ಕೊಡ ಮಜ್ಜಿಗೆ ಕೂಡಿಸಿ ತಂದಿಟ್ಟೆ. ಮುಖ ತೊಳೆದು ಬರುವಷ್ಟರಲ್ಲಿ ಕೊಡ ಖಾಲಿ. ಪಕ್ಕದಲ್ಲಿ ಒಬ್ಬ ದಾಂಡಿಗ ಮೀಸೆ ಒರೆಸಿಕೊಳ್ಳುತ್ತಿದ್ದ.

“ಅದು ಮಣ್ಣಿಗೆ ಹಾಕೂ ಮಜ್ಜಿಗಿ ಅಲ್ಲೇನೋ!”

“ಹೌದ್ರಿ. ನನ್ನ ಹೊಟ್ಟ್ಯಾಗ ಹೋದ್ರೂ ಬೆವರಾಗಿ ಮಣ್ಣಿಗೇ ಬೀಳತೈತೆಲ್ರಿ.”

ನನಗೆ ಸಿಟ್ಟು ನೆತ್ತಿಗೇರಿತು. “ಹಂಗಾದ್ರ ಬೀಳಸು” ಎಂದು ಗುದ್ದಲಿ ತೋರಿಸಿದೆ. ಇಡೀ ಅಖಾಡ ಅಗೆಸಿದೆ. ಅವತ್ತಿನಿಂದ ಅದೇ ಕಾನೂನಾಯಿತು: ಗರಡಿಯಲ್ಲಿ ಯಾರೇ ತಪ್ಪು ಮಾಡಲಿ, ಅಖಾಡ ಅಗೆಯಬೇಕು. ಅಗೆದು ಮುಗಿಸಿದ ದಾಂಡಿಗ ಏದುಸಿರು ಬಿಡುತ್ತ ನನ್ನ ಹತ್ತಿರ ಬಂದ. “ಮಾಸ್ತರ್ರ, ಮಜ್ಜಿಗಿ ಪೂರಾ ಮಣ್ಣಿಗೆ ಮುಟ್ಟೇತ್ರಿ. ಈಗ ನನಗೊಂದೀಟು ತರಸ್ರಿ.”

ಹಿರಿಯ ಪಂಚರ ತಪ್ಪು

ಇಷ್ಟೆಲ್ಲ ಆದ ಮೇಲೆ ಸುದ್ದಿ ಹಿರಿಯ ಪಂಚರ ಕಿವಿಗೆ ಬೀಳದೆ ಇರುತ್ತದೆಯೇ? ಒಂದು ಮುಂಜಾನೆ ತಲೆಗೆ ಪಟಕಾ ಸುತ್ತಿಕೊಂಡು, ಕೊಡೆ ಹಿಡಿದು ಬಂದೇಬಿಟ್ಟರು. ನನ್ನ ಕಡೆ ನೋಡಲೂ ಇಲ್ಲ. ಮೆಟ್ಟಿದ ಚಪ್ಪಲಿಯಲ್ಲೇ ಅಖಾಡಕ್ಕೆ ಇಳಿದು, ಕೊಡೆಯಿಂದ ಗೋಡೆ ಅಳೆಯತೊಡಗಿದರು. “ಇತ್ತಾಗ ಇಪ್ಪತ್ತು ಅಂಡಿಗಿ, ಅತ್ತಾಗ ಇಪ್ಪತ್ತು...”

ದಂಡ ಹೊಡೆಯುತ್ತಿದ್ದವರು ಅಲ್ಲಲ್ಲೇ ನಿಂತರು. ಅಖಾಡವೆಂದರೆ ಹನುಮಪ್ಪನ ಮಣ್ಣು. ಮುಟ್ಟಿ ಹಣೆಗೆ ಹಚ್ಚಿಕೊಂಡು ಇಳಿಯುವ ಜಾಗ. ಅಲ್ಲಿ ಚಪ್ಪಲಿ! ಎಲ್ಲರೂ ನನ್ನನ್ನೇ ನೋಡತೊಡಗಿದರು. ಮಜ್ಜಿಗೆ ಕುಡಿದವನು ಮೆಲ್ಲಗೆ ಹೋಗಿ ಗುದ್ದಲಿ ತಂದು ನನ್ನ ಕೈಗೇ ಕೊಟ್ಟ.

ಬಾಯಿ ಬಿಟ್ಟರೆ ಗರಡಿ ಹೋಗುತ್ತದೆ, ಬಿಡದಿದ್ದರೆ ನಾಳೆಯಿಂದ ನನ್ನ ಮಾತನ್ನು ಯಾರೂ ಕೇಳುವುದಿಲ್ಲ. ಭಾರದ ಗುದ್ದಲಿಯನ್ನು ಎರಡೂ ಕೈಯಿಂದ ಹಿಡಿದು ಅವರೆದುರು ಹೋಗಿ ನಿಂತೆ.

“ಸಾವಕಾರ್ರ, ಸಿಟ್ಟಾಗಬ್ಯಾಡ್ರಿ. ಚಪ್ಪಲಿ ಮೆಟ್ಟಿ ಇಳದವ್ರು ಅಖಾಡ ಅಗೀಬೇಕ್ರಿ.”

“ಯಾರು ಮಾಡಿದ್ದು ಈ ಕಾನೂನು?”

“ನಾನರಿ.”

“ಅಗಿಯೂದಿಲ್ಲ ಅಂದ್ರ?”

“ನಿಮ್ಮ ಪಾಲಿಂದು ನಾನ ಅಗೀತೇನ್ರಿ.”

ಅವರು ನನ್ನ ತೋಳನ್ನು ಮೇಲಿಂದ ಕೆಳಗೆ ನೋಡಿದರು. “ನೀವು ಅಗದು ಮುಗಸೂದ್ರಾಗ ಮುಂದಿನ ಹತ್ತಿ ಹಂಗಾಮು ಬರತೈತಿ. ತರ್ರಿ ಇಲ್ಲೆ!”

ಚಪ್ಪಲಿ ಎಸೆದು, ಧೋತರ ಮೇಲೆ ಕಟ್ಟಿ ಸಿಟ್ಟಿನಿಂದಲೇ ಶುರು ಮಾಡಿದರು. ಹತ್ತು ಏಟಿಗೆ ಪಟಕಾ ಕಳಚಿತು, ಇಪ್ಪತ್ತಕ್ಕೆ ಅಂಗಿ. ಕೊನೆಯ ಮೂಲೆಯವರೆಗೂ ಅಗೆದು, ಗುದ್ದಲಿ ನೆಲಕ್ಕೆ ಒಗೆದು, ಹೊರಟುಹೋದರು. ಗರಡಿಯ ಕಥೆ ಮುಗಿಯಿತು ಎಂದು ನಾನು ಹನುಮಪ್ಪನ ಪಟದ ಮುಂದೆ ಕುಳಿತು ನಿಜಕ್ಕೂ ಅತ್ತುಬಿಟ್ಟೆ.

ಮರುದಿನ ಬಟ್ಟೆ ವ್ಯಾಪಾರಿ ಸುದ್ದಿ ತಂದರು: “ಸಾವಕಾರ್ರು ನಿನ್ನೆ ಒಂದರ ಜಾಗಾದಾಗ ನಾಕು ರೊಟ್ಟಿ ಉಂಡಾರಂತ. ಮಲಗಿದ್ರ ಗೊರಕಿ ಮೂರು ಮನಿಗೆ ಕೇಳಿತಂತ.” ಅಷ್ಟರಲ್ಲಿ ಸಾವಕಾರರೇ ಬಾಗಿಲಲ್ಲಿ ನಿಂತಿದ್ದರು. ನಾನು ನಮಸ್ಕಾರ ಮಾಡಿ ಕೀಲಿ ಮುಂದೆ ಹಿಡಿದೆ. ಅದರ ಕಡೆ ನೋಡಲೂ ಇಲ್ಲ. ಕಾಲಿನ ಚಪ್ಪಲಿ ಸರಿಯಾಗಿ ಮೆಟ್ಟಿಕೊಂಡು, ಎಲ್ಲರಿಗೂ ಕಾಣುವ ಹಾಗೆ ನಡೆದು ಅಖಾಡದ ನಟ್ಟನಡುವೆ ಹೋಗಿ ನಿಂತರು.

“ತಪ್ಪಾತು ಮಾಸ್ತರ್ರ,” ಎಂದು ಕೈ ಚಾಚಿದರು. “ತರ್ರಿ ಗುದ್ದಲಿ.”